ಪಕ್ಕದ ಸೀಟಿನ ಬ್ರೇಕು

ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಗಂಡಹೆಂಡತಿ ಕೂತಿದ್ದರು. ಗಂಡನ ಅಂಗಿಯ ಮೇಲೆ ಡ್ರೈವಿಂಗ್ ಶಾಲೆಯ ಹೆಸರಿತ್ತು. ಹೆಂಡತಿಯ ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು.

"ಸಾಲ್ಸಾ ಕುಣಿಯುವಾಗ ಯಾರಾದ್ರೂ ಬ್ರೇಕ್ ತುಳೀತಾರೇನ್ರೀ?"

"ನೀನು ಗಿರ್ರಂತ ತಿರುಗಿಬಿಟ್ಟೆ. ಕಾಲು ತಾನಾಗೇ ಹೋಯ್ತು."

"ಕೈ ಎತ್ತಿ ತಿರುಗಿಸಿದ್ದೇ ನೀವು."

"ಎತ್ತಿದ್ದು ನಿಜ. ಆಮೇಲೆ ಭಯ ಆಯ್ತು. ಇಪ್ಪತ್ತು ವರ್ಷ ಕಾರು ಕಲಿಯೋರ ಪಕ್ಕ ಕೂತು ಬ್ರೇಕ್ ತುಳಿದಿರೋ ಕಾಲು ಕಣೇ ಇದು."

"ಡ್ಯಾನ್ಸ್ ಮೇಷ್ಟ್ರು ಏನಂದ್ರು? ಜೊತೆಗಿರೋರು ಏನು ಮಾಡ್ತಾರೆ ಅಂತ ಕೈಯಲ್ಲೇ ಗೊತ್ತಾಗ್ಬೇಕು, ಅವರನ್ನ ನಂಬಿ ಅಂದ್ರು."

"ನಾನು ನಂಬ್ತೀನಿ. ಕಾಲು ನಂಬಲ್ಲ."

"ಹೋದ ವಾರ ಕ್ಲಾಸಲ್ಲಿ ಆ ದರ್ಜಿ ಜೊತೆ ಕುಣಿದೆ. ಒಂದು ಗೀರೂ ಬೀಳ್ಲಿಲ್ಲ."

"ಅವನು ನಿನ್ನ ಸೊಂಟದ ಅಳತೆ ತಗೊಳ್ತಿದ್ದ."

"ತಗೊಳ್ಲಿ. ಹತ್ತು ಬೆರಳೂ ನೆಟ್ಟಗಿದ್ವು."

ಒಳಗಿನಿಂದ ಕರೆ ಬಂತು. ಗಂಡ ಕೈ ಚಾಚಿದ. ಹೆಂಡತಿ ಹಿಡಿದು ಎದ್ದು ಕುಂಟುತ್ತಾ ನಡೆದಳು. ಬಾಗಿಲ ಬಳಿ ಗಾಲಿಕುರ್ಚಿಯೊಂದು ಅಡ್ಡ ಬಂತು. ಗಂಡನ ಬಲಗಾಲು ರಪ್ಪನೆ ನೆಲ ತುಳಿಯಿತು. ಅಷ್ಟರಲ್ಲಿ ಹೆಂಡತಿ, ಅತ್ತ ನೋಡದೆಯೇ, ತನ್ನ ಕಾಲನ್ನು ಹಿಂದಕ್ಕೆಳೆದುಕೊಂಡಾಗಿತ್ತು.

"ಕೈಯಲ್ಲೇ ಗೊತ್ತಾಯ್ತು ಬಿಡಿ," ಎನ್ನುತ್ತಾ ಅವನನ್ನೂ ಒಳಗೆ ಕರೆದುಕೊಂಡು ಹೋದಳು.