ಕಾಕಾ ಬೈಕ್ ನೋಡಾಕ ಬಂದಾರ

“ಹಲೋ... ಹಲೋ, ಯಾರು ಮಾತಾಡೋದು?... ಎಲ್ವಿನ್ ಅಣ್ಣಾರೇನ್ರಿ? ನಾನ್ರಿ, ರಾಜೇಶ್ವರಿ... ಹಾಂ, ಅಮರಗೋಳದ ರಾಜಿ. ನಿಮ್ಮ ಬೈಕಿನ ಇಂಡಿಕೇಟರ್ ಮುರದಾಕಿ, ಹೌದ್ರಿ, ಅಕಿನ... ಶೈನಿ ಅದಾಳೇನ್ರಿ? ಸ್ವಲ್ಪ ಲಗೂ ಕೊಡ್ರಿ, ಫೋನಿನ್ಯಾಗ ಚಾರ್ಜ್ ಇಲ್ಲ...”

ರಾಜೇಶ್ವರಿ ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಬೈಕ್ ಶೋರೂಮಿನಲ್ಲಿ, ಸಾಲಾಗಿ ನಿಂತ ಸ್ಕೂಟರುಗಳ ಹಿಂದೆ, ಓಢಣಿಯನ್ನು ಬಾಯಿಗೆ ಅಡ್ಡ ಹಿಡಿದು ಬಗ್ಗಿ ನಿಂತಿದ್ದಳು. ಅಮ್ಮಿನಬಾವಿಯ ಆಸ್ಪತ್ರೆಯಲ್ಲಿ ಈಕೆ ನರ್ಸು. ದೊಡ್ಡ ದೊಡ್ಡ ಮೀಸೆಯವರನ್ನೂ ಮಗ್ಗುಲಾಗಿ ಮಲಗಿಸಿ ಸೂಜಿ ಚುಚ್ಚುವ ಹೆಂಗಸು ಹೀಗೆ ಪಿಸುಗುಟ್ಟುವ ಹೊತ್ತು ಬಂದಿತ್ತೆಂದರೆ ಅದಕ್ಕೆ ತಕ್ಕ ಕಾರಣವೂ ಇರಬೇಕಲ್ಲ. ಕಾರಣ ಹೊರಗೆ ಬಿಸಿಲಿನಲ್ಲಿ, ಧೋತರ ಉಟ್ಟು, ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ನಿಂತಿತ್ತು. ಆಕೆಯ ತಂದೆಯ ತಮ್ಮ, ದ್ಯಾಮಣ್ಣ ಕಾಕಾ.

“ಶೈನಿ? ಹಾಂ, ನಾನ... ಇಲ್ಲ, ಇನ್ನೂ ತಗೊಂಡಿಲ್ಲ. ಕಾಕಾ ನೋಡಾಕತ್ತಾರ... ಹೆಂಗ ಅಂದ್ರ? ಎತ್ತು ನೋಡಿದಂಗ ನೋಡಾಕತ್ತಾರ... ಚ್ಯಾಷ್ಟಿ ಅಲ್ಲವಾ, ಖರೇನ. ನಗಬ್ಯಾಡ. ನೀ ನಕ್ರ ನನಗೂ ನಗಿ ಬರತೈತಿ, ನಾ ನಕ್ರ ಕಾಕಾಗ ಸಿಟ್ಟು ಬರತೈತಿ...”

“ನೆರಳಾಗ ದನ ನೋಡಬಾರದು ಅಂತ ಮೂರು ಬೈಕ್ ಹೊರಗ ತರಿಸಿದಾರ... ಹೌದು, ಬಿಸಿಲಾಗ. ಮುಂದ ನಿಂತು ನೋಡಿದ್ರು, ಹಿಂದ ಹೋಗಿ ನೋಡಿದ್ರು. ಟ್ಯಾಂಕಿನ ಮ್ಯಾಲ ಕೈ ಇಟ್ಟು ಡುಬ್ಬ ಛಲೋ ಐತಿ ಅಂದ್ರು. ಮಡ್‌ಗಾರ್ಡ್ ಎತ್ತಾಕ ಹೋಗಿದ್ರು, ನಾನ ಬ್ಯಾಡ್ರಿ ಅಂದ್ನಿ... ಸುಳಿ ಹುಡುಕಾಕ. ಕೂದಲದಾಗ ಕೆಟ್ಟ ಸುಳಿ ಇದ್ದ ದನಾ ಮನಿಗೆ ಆಗಿ ಬರೂದಿಲ್ಲಲ್ಲ...”

ಇದನ್ನು ಕೇಳಿ ದ್ಯಾಮಣ್ಣ ಕಾಕಾರನ್ನು ದಡ್ಡರೆಂದು ತಿಳಿದರೆ ತಿಳಿದವರೇ ದಡ್ಡರು. ಅವರ ಕಿಸೆಯಲ್ಲಿ ದೊಡ್ಡ ಮೊಬೈಲ್ ಇದೆ. ದಿನಾ ಬೆಳಿಗ್ಗೆ ಅಮರಗೋಳದ ಮಾರ್ಕೆಟ್ಟಿನ ಮೆಣಸಿನಕಾಯಿ ಧಾರಣಿಯನ್ನು ಅದರಲ್ಲೇ ನೋಡುತ್ತಾರೆ. ಬೈಕು ಕಬ್ಬಿಣದ್ದೆಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅವರ ತರ್ಕವೇ ಬೇರೆ. ಇದು ಮೇವು ತಿನ್ನುತ್ತದೆ, ಭಾರ ಹೊರುತ್ತದೆ, ಮನಸ್ಸು ಬಂದಾಗ ನಡುರಸ್ತೆಯಲ್ಲಿ ಮೊಂಡು ಹಿಡಿದು ನಿಲ್ಲುತ್ತದೆ. ದನವಲ್ಲದೆ ಮತ್ತೇನು ಎಂದು ಶೋರೂಮಿನ ಸೇಲ್ಸ್‌ಮನ್ ವಿನೋದನನ್ನು ಕೇಳಿದ್ದರು. ವಿನೋದ, ಮೈಲೇಜು ಛಲೋ ಕೊಡುತ್ತದೆ ಎಂದಷ್ಟೇ ಹೇಳಿದ್ದ.

ಆ ಮನೆಯ ಪದ್ಧತಿಯೂ ಹಾಗೇ. ಕಾಲಿರುವುದಾಗಲಿ ಗಾಲಿಯಿರುವುದಾಗಲಿ, ಕಾಕಾ ಬೆನ್ನ ಮೇಲೆ ಕೈಯಾಡಿಸಿ ಹೂಂ ಅನ್ನದೆ ಅಂಗಳಕ್ಕೆ ಬಂದದ್ದಿಲ್ಲ. ಮಗಳು ಬೈಕ್ ಬೇಕು ಅಂದಾಗ ತಾಯಿ ಶೇವಂತೆವ್ವ ಮೊದಲು ಸ್ಕೂಟಿ ತಗೋ ಅಂದರು. ಮಳೆಗಾಲದ ಎರೆಮಣ್ಣಿನಲ್ಲಿ ಸ್ಕೂಟಿಯ ಸಣ್ಣ ಗಾಲಿ ಹೂತು ಹೋಗುತ್ತದೆ ಎಂದು ಮಗಳು ಹಟ ಹಿಡಿದಳು. ಕಡೆಗೆ ತಾಯಿ, ನಿಮ್ಮ ಕಾಕಾ ಹೂಂ ಅಂದರೆ ನನ್ನದೇನೂ ತಕರಾರಿಲ್ಲ ಎಂದು ಕೈತೊಳೆದುಕೊಂಡಿದ್ದರು.

“ವಿನೋದ ಅಂತವಾ, ಸೇಲ್ಸ್‌ಮನ್... ಅವನ ಬಲಗೈ ಕಾಕಾನ ಟಾವೆಲ್ ಒಳಗ ಐತಿ. ದನದ ಪ್ಯಾಟ್ಯಾಗ ಧಾರಣಿ ಬಾಯಿಲೆ ಆಡೂದಿಲ್ಲಲ್ಲ, ಟಾವೆಲ್ ಕೆಳಗ ಬೆರಳು ಹಿಡದು ಹೇಳೂದು... ಅವಗೇನು ಗೊತ್ತು, ಹಿರ್‍ಯಾರು ಆಶೀರ್ವಾದ ಮಾಡಾಕತ್ತಾರ ಅಂತ ತಿಳದು ಬಗ್ಗಿ ನಮಸ್ಕಾರ ಮಾಡಿದ. ಕಾಕಾ ಈ ಮನಷ್ಯಾ ಭಾಳ ಗಟ್ಟಿ ವ್ಯಾಪಾರಿ ಅಂತಾರ... ಇಲ್ಲ, ಇನ್ನೂ ಬಿಟ್ಟಿಲ್ಲ. ವ್ಯವಹಾರ ಮುಗಿಯೂಮಟ ಕೈ ಬಿಡಂಗಿಲ್ಲ. ಪಾಪ, ಎಡಗೈಲೆ ಚಾ ಕುಡ್ಯಾಕತ್ತಾನ...”

“ನನಗ ಬೇಕಾಗಿದ್ದು ಕರೇದು. ಸಣ್ಣ ಕರೇದು... ಹಾಂ, ಅದ. ಕುಂತ್ರ ಎರಡೂ ಕಾಲು ನೆಲಕ್ಕ ಹತ್ತತಾವ, ಹಿಮ್ಮಡ ಸೈತ. ಮೊದಲನೇ ಗಾಡಿಗೆ ಅದ ಮುಖ್ಯ ಅಂತ ನೀನ ಹೇಳಿದ್ದಿಲ್ಲೇನು?... ಕಾಕಾ ಕೆಂಪದು ಹಿಡದಾರ. ಎತ್ತರದ್ದು. ಹ್ಯಾಂಡಲ್ ಅಗಲ ಐತಿ, ಕೋಡು ಭಾಳ ಛಂದ ಅದಾವಂತ... ಕುಂತು ನೋಡಿದ್ನಿ ಮತ್ತ. ಕಾಲು ಗಾಳ್ಯಾಗ ಜೋತಾಡಿದ್ವು. ವಿನೋದ ಒಂದ ಕೈಲೆ ಹಿಡದ, ಇಲ್ಲಂದ್ರ ಬಿದ್ದ ಹೋಗತಿದ್ನಿ...”

“ಹೇಳಲಿಲ್ಲೇನು, ಹೇಳಿದ್ನಿ. ಕಾಲು ಹತ್ತೂದಿಲ್ಲ ಕಾಕಾ ಅಂದ್ನಿ. ‘ಎತ್ತಿನ ಮ್ಯಾಲ ಕುಂತಾಗ ಯಾರ ಕಾಲು ನೆಲಕ್ಕ ಹತ್ಯಾವ ಹೇಳು’ ಅಂದ್ರು... ಇದಕ್ಕ ಏನ್ ಉತ್ತರ ಕೊಡ್ಲಿ? ನೀನ ಹೇಳು... ಮತ್ತ ನಕ್ಕಿ ನೋಡು!”

“ಕರೇದಕ್ಕ ಏನಂದ್ರಾ? ಸುತ್ತ ಒಂದು ಸಲ ತಿರುಗಿದ್ರು. ‘ಇದು ಕೋಣ’ ಅಂದ್ರು. ಮುಗೀತು.”

ನಗು ಬರುವ ಮಾತೇ. ಆದರೆ ರಾಜೇಶ್ವರಿಗೆ ನಿಜವಾಗಿ ಅಳು ಬರುತ್ತಿತ್ತು. ಈ ನೌಕರಿಗೆ ಸೇರಿದಾಗಿನಿಂದ ಆಕೆ ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡಿದ್ದೆಲ್ಲ ಮಂದಿಯ ಬೆನ್ನ ಹಿಂದೆ. ಉಪ್ಪಿನಬೆಟಗೇರಿಗೆ ಹೋಗಬೇಕಾದರೆ ಬಸ್ಸು ತಪ್ಪಿತೆಂದು ಹಾಲಿನವರ ಗಾಡಿಗೆ ಕೈ ಮಾಡಬೇಕು, ಇಲ್ಲವೇ ಯಾರದೋ ಬೈಕಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂಡಬೇಕು. ಧಾರವಾಡ ತಾಲೂಕನ್ನೆಲ್ಲ ಆಕೆ ಒಂದು ಮಗ್ಗುಲಿಂದ ಅಷ್ಟೇ ನೋಡಿದ್ದಳು. ಹೀಗೇ ಸಾಯಬಾರದೆಂದು ಜೊತೆಯ ನರ್ಸು ಶೈನಿಯ ಕಾಲುಹಿಡಿದು, ಅವರ ಚರ್ಚಿನ ಬಯಲಿನಲ್ಲಿ, ಅವಳ ಗಂಡ ಎಲ್ವಿನ್ನನ ಹಳೆಯ ಬೈಕಿನಲ್ಲಿ ಗೇರು ಹಾಕುವುದನ್ನು ಕಲಿತಿದ್ದಳು. ಲೈಸೆನ್ಸೂ ಆಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪರ್ಸಿನೊಳಗೆ, ದೇವರ ಅಂಗಾರದ ಪೊಟ್ಟಣದ ಮಗ್ಗುಲಿಗೆ ಇಟ್ಟಿದ್ದಳು. ಇವತ್ತು ಸ್ವಂತ ಗಾಡಿಯನ್ನು ತಾನೇ ಹೊಡೆದುಕೊಂಡು ಓಣಿಗೆ ಹೋಗಬೇಕೆಂಬುದೊಂದೇ ಆಕೆಯ ಆಸೆ. ಕೆಂಪು ಬೈಕ್ ಮನೆಗೆ ಬಂದರೆ ಅದು ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ, ತಾನು ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತೇನೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

“ನಿಲ್ಲು, ಇನ್ನೊಂದು ಸುರು ಆತು... ಬ್ಯಾರೆ ಗಿರಾಕಿಗೋಳು ಬಂದು ಕಾಕಾನ್ನ ಕೇಳಾಕತ್ತಾರ. ಸಾಲು ಹಚ್ಚಿ ನಿಂತಾರವಾ... ಖರೇನ. ಯಾರೋ ಗಂಡ ಹೆಂಡತಿ ಒಂದು ಸ್ಕೂಟರ್ ಮೆಚ್ಚಿದ್ರು. ಕಾಕಾ ಅದರ ಲೈಟ್ ನೋಡಿ, ಇದರ ಕಣ್ಣು ಸರಿ ಇಲ್ಲ, ಮನಿ ಯಜಮಾನಗ ಆಗಿ ಬರೂದಿಲ್ಲ ಅಂದ್ರು. ಯಜಮಾನ ತಟ್ಟನ ದೂರ ಸರದ ನಿಂತ... ಬೈತಾನೇನು ಮ್ಯಾನೇಜರ್? ತಾನ ಬಂದು ಕಾಕಾಗ ಕುರ್ಚಿ ಹಾಕಿಸಿ ಕೊಟ್ಟಾನ. ತನ್ನ ಗಾಡೀನೂ ತಂದು ತೋರಸಾಕತ್ತಾನ...”

ಕಾಕಾರ ಮರ್ಯಾದೆ ಹೆಚ್ಚಿದಷ್ಟೂ ರಾಜೇಶ್ವರಿಯ ಕರಿ ಬೈಕು ದೂರ ಹೋಗುತ್ತಿತ್ತು. ಇಷ್ಟು ಮಂದಿಯ ಎದುರಿಗೆ ಕೋಣ ಎಂದು ಹೇಳಿದ್ದನ್ನು ಯಾವ ಹಿರಿಯ ಹಿಂದೆ ತೆಗೆದುಕೊಂಡಾನು?

“ಅಯ್ಯೋ, ಹಗ್ಗ ತಗದ್ರು... ಹಗ್ಗ ಶೈನಿ, ಹಗ್ಗ. ಮಾರಿದವರ ಹಗ್ಗದಾಗ ದನಾ ಹೊಡಕೊಂಡು ಬರಬಾರದು, ಅದಕ್ಕ ಮನಿಯಿಂದ ಹೊಸಾದು ತಂದಾರ. ಒಂದ ಕೈಲೆ ಕೆಂಪದರ ಹ್ಯಾಂಡಲ್ಲಿಗೆ ಕಟ್ಟಾಕತ್ತಾರ, ಇನ್ನೊಂದು ಕೈಯಾಗ ವಿನೋದನ ಕೈ ಹಂಗ ಐತಿ. ಹೆಲ್ಮೆಟ್ ಕೊಟ್ಟಿದ್ರು, ಅದನ್ನ ಎತ್ತಿನ ಬಾಯಿಗೆ ಕಟ್ಟೂ ಕುಕ್ಕಿ ಹಂಗ ಲೈಟಿಗೆ ಸಿಗಿಸಿದಾರ... ಹತ್ತಿ ಹೊಡಿಯಂಗಿಲ್ಲಂತ. ಅಮರಗೋಳಮಟ ನಡಿಸ್ಕೊಂಡು ಹೋಗೂದಂತ... ಯಾಕಂದ್ರ ಇವತ್ತ ಸೋಮವಾರ.”

“ಸೋಮವಾರ ನಮ್ಮಲ್ಲಿ ಎತ್ತು ಹೂಡೂದಿಲ್ಲವಾ. ಬಸವಣ್ಣನ ವಾರ. ನಿಮಗ ಐತವಾರ ಇದ್ದಂಗ... ಹಾಂ, ಅದಕ್ಕ ಇವತ್ತ ಬಂದಿದ್ದು. ನನಗ ಸರಕಾರಿ ರಜಾ, ಎತ್ತಿಗೆ ಬಸವಣ್ಣನ ರಜಾ, ಎತ್ತಿಗೆ ರಜಾ ಇದ್ರ ಕಾಕಾಗೂ ರಜಾ. ನಾನ ಕೂಡಿಸಿ ದಿನಾ ಗೊತ್ತು ಮಾಡಿದ್ನಿ, ನನ್ನ ತಲಿಗೆ ಏನ್ ಹೇಳ್ಲಿ... ಹೂಂ, ಇನ್ನ ಮ್ಯಾಲ ಎಲ್ಲಾ ಸೋಮವಾರ ಇದನ್ನ ಹೊರಗ ತಗಿಯಂಗಿಲ್ಲಂತ. ಸೋಮವಾರನ ಬಸುರಿ ಹೆಣ್ಣಮಕ್ಕಳ ತಪಾಸಣಿ ಇರತೈತಿ ಅಂದ್ರ, ಅವತ್ತ ಬಸ್ಸಿಗೆ ಹೋಗು ಅಂತಾರ...”

“ಎಲ್ಲಾ ದನಕ್ಕಲ್ಲ, ಎತ್ತಿಗೆ ಅಷ್ಟ. ಎತ್ತು ಬಸವಣ್ಣ ಅಲ್ಲೇನು... ಕೋಣಕ್ಕ ಎಲ್ಲಿ ಸೋಮವಾರ? ನಾ ಸಣ್ಣಾಕಿದ್ದಾಗ ಸುಣ್ಣದ ಗಾಡಿ ಎಳಿಯೂ ಕೋಣ ಎಲ್ಲಾ ದಿನಾ ಎಳೀತಿದ್ವು, ಅವಕ್ಕ ಯಾರು ರಜಾ...”

ರಾಜೇಶ್ವರಿ ಸ್ಕೂಟರುಗಳ ಹಿಂದಿನಿಂದ ಎದ್ದು ನೆಟ್ಟಗೆ ನಿಂತಳು.

“ತಡಿ. ತಡಿ ಶೈನಿ. ಫೋನ್ ಇಡಬ್ಯಾಡ.”

ಫೋನನ್ನು ಕೈಯಲ್ಲಿ ಹಿಡಿದೇ ಆಕೆ ಬಿಸಿಲಿಗೆ ಬಂದಳು. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಆ ಕರಿಯದು ಯಾವ ಜಾತಿಯ ದನ ಎಂದು ಮತ್ತೊಮ್ಮೆ ಎಲ್ಲರಿಗೂ ಕೇಳುವಂತೆ ಕೇಳಿದಳು. ಕೋಣ ಎಂದು ಕಾಕಾ ಮತ್ತೊಮ್ಮೆ ಎಲ್ಲರಿಗೂ ಕೇಳುವಂತೆ ಹೇಳಿದರು.

“ಹಂಗಾರ ಕೋಣಕ್ಕ ಸೋಮವಾರ ಐತೇನ್ರಿ ಕಾಕಾ?”

ಕಾಕಾ ಒಂದೇ ಕೈಯಲ್ಲಿ ಹಗ್ಗದ ಗಂಟು ಹಾಕುತ್ತಿದ್ದವರು ಅರ್ಧಕ್ಕೇ ಬಿಟ್ಟರು. ಐತಿ ಅಂದರೆ ಬಸವಣ್ಣನಿಗೂ ಕೋಣಕ್ಕೂ ಒಂದೇ ಮರ್ಯಾದೆ ಕೊಟ್ಟಂತಾಗುತ್ತದೆ. ಅದು ಕೋಣವೇ ಅಲ್ಲ ಅಂದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾಗುತ್ತದೆ, ಸಾಲಿನಲ್ಲಿ ನಿಂತವರೆಲ್ಲ ಮನೆಗೆ ಹೋಗುತ್ತಾರೆ. ಅಣ್ಣನ ಮಗಳು ಇದೇ ಸಂದಿಯಲ್ಲಿ ಪರ್ಸು ಬಿಚ್ಚಿ ಲೈಸೆನ್ಸ್ ತೆಗೆದು ಅವರ ಕೈಗೆ ಕೊಟ್ಟಳು. ಅದನ್ನು ನೋಡಲು ಎರಡೂ ಕೈ ಬೇಕಾದ್ದರಿಂದ ಅವರು ವಿನೋದನ ಕೈ ಬಿಟ್ಟರು. ವಿನೋದ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡ. ಕಾಕಾ ಫೋಟೋ ನೋಡಿದರು, ಎದುರಿಗಿದ್ದವಳನ್ನು ನೋಡಿದರು. ಬೈಯಲಿಲ್ಲ. ಯಾರು ಕಲಿಸಿದರು ಎಂದಷ್ಟೇ ಕೇಳಿದರು. ಆಮೇಲೆ, ಕೋಣಕ್ಕೆ ಸೋಮವಾರವಿಲ್ಲ, ಇವತ್ತೂ ಹೊಡೆಯಬಹುದು ಎಂದು ಕೆಂಪು ಬೈಕಿನ ಹಗ್ಗ ಬಿಚ್ಚಿ ಕರಿಯದಕ್ಕೆ ಕಟ್ಟಿದರು.

“ಶೈನಿ, ಅದಿಯೇನು?... ಒಪ್ಪಿದ್ರು. ಖರೇ, ಒಪ್ಪಿದ್ರವಾ... ನಿನ್ನ ಹೆಸರು ಹೇಳಿದ್ನಿ. ಆ ಹೆಣ್ಣಮಗಳಿಗೆ ಜ್ವಾಳಾ ಕೊಟ್ಟು ಕಳಸಬೇಕು ಅಂದ್ರು... ಆದ್ರ ಅವರು ಮಾತ್ರ ಇದರ ಮ್ಯಾಲ ಕೂಡೂದಿಲ್ಲಂತ. ಕೋಣದ ಮ್ಯಾಲ ಕೂಡಾವ ಯಮ ಒಬ್ಬನ ಅಂತ. ಹಗ್ಗಾ ಹಿಡಕೊಂಡು ಮುಂದ ನಡೀತಾರಂತ... ನಾ ಅಂದ್ನಿ, ಅಮ್ಮಿನಬಾವ್ಯಾಗ ನಾ ಸೂಜಿ ಹಿಡಕೊಂಡು ಬಂದ್ರ ಮಂದಿ ಹಂಗೂ ಯಮ ಬಂದಂಗ ಓಡತಾರ, ನನಗೇನ್ರಿ ಅಂತ...”

ಕಾಗದಪತ್ರದ ಕೆಲಸವೆಲ್ಲ ಮುಗಿಯಿತು. ರಾಜೇಶ್ವರಿ ಹೆಲ್ಮೆಟ್ಟನ್ನು ಕೆಂಪು ಬೈಕಿನ ಮೂತಿಯಿಂದ ಬಿಡಿಸಿ ತನ್ನ ತಲೆಗೆ ಹಾಕಿಕೊಂಡಳು. ಫೋನನ್ನು ಕಿವಿಯ ಹತ್ತಿರ ಅದರೊಳಗೇ ತುರುಕಿದಳು. ಆಸ್ಪತ್ರೆಯವಳು ಮಾಡಬಾರದ ಕೆಲಸ. ಆದರೂ ಮಾಡಿದಳು, ಏಕೆಂದರೆ ಆ ಗಳಿಗೆಯಲ್ಲಿ ಕಲಿತದ್ದೆಲ್ಲ ಮರೆತು ಹೋಗಿತ್ತು.

“ಶೈನಿ, ಒಂದನೇ ಗೇರ್ ಕೆಳಗ ಅಲ್ಲಾ?... ಕೆಳಗ. ಉಳದದ್ದೆಲ್ಲಾ ಮ್ಯಾಲ. ಹಾಂ... ಕ್ಲಚ್ ಸಾವಕಾಶ. ಗೊತ್ತು, ಗೊತ್ತು... ಎಲ್ಲಾರೂ ನೋಡಾಕತ್ತಾರವಾ... ಹತ್ಯಾವ. ಎರಡೂ ಕಾಲು ನೆಲಕ್ಕ ಹತ್ಯಾವ... ಸುರು ಮಾಡೀನಿ. ಕೇಳತೈತೇನು?”

“ಏ, ಗಾಡಿ ಜಗ್ಗಿತು. ಹಿಂದ ಯಾರೋ ಕುಂತ್ರು... ತಡಿ, ನೋಡತೇನಿ...”

“ಕಾಕಾ... ಹೌದು, ಕಾಕಾನ. ಕೇಳಿದ್ನಿ, ಯಾಕ್ರಿ ಕಾಕಾ, ಕೂಡೂದಿಲ್ಲ ಅಂದಿದ್ರಿ ಅಂತ. ‘ದಾರ್‍ಯಾಗ ಯಮ ತನ್ನ ಕೋಣಾ ಕೇಳಾಕ ಬಂದ್ರ ಮಾತಾಡಾಕ ಹಿರ್‍ಯಾರು ಒಬ್ಬರು ಬೇಕಲ್ಲ’ ಅಂದ್ರು...”

“ಇಲ್ಲ ಬಿಡು, ಯಾರು ಅಳಾಕತ್ತಾರ? ಹೆಲ್ಮೆಟ್ಟಿನ್ಯಾಗ ಸೆಕಿ... ಹಗ್ಗಾ ಅವರ ಕೈಯಾಗ ಐತಿ. ಇರಲಿ. ಎಕ್ಸಲೇಟರ್ ನನ್ನ ಕೈಯಾಗ ಐತಿ... ಶೈನಿ, ಇಷ್ಟು ವರ್ಷ ನಾ ಬರೇ ಮಂದಿ ಬೆನ್ನ ನೋಡೀನಿ. ಇವತ್ತ ನನ್ನ ಮುಂದ ಯಾರೂ ಇಲ್ಲವಾ. ರೋಡು ಪೂರಾ ಕಾಣತೈತಿ... ಹಾಂ, ಹೊಂಟೆ. ಕೆಳಗ ಅಂದಿ, ಹೌದಿಲ್ಲೋ? ಒಂದನೇದು ಕೆಳಗ ಅಲ್ಲಾ?... ಶೈನಿ?... ಹಲೋ? ಕೆಳಗ ಅಲ್ಲಾ...”

ಚಾರ್ಜು ಮುಗಿದು ಲೈನು ಕಡಿಯಿತು. ರಾಜೇಶ್ವರಿ ಕಣ್ಣು ಮುಚ್ಚಿ ತೆರೆದು ಎಡಗಾಲನ್ನು ಕೆಳಕ್ಕೆ ಒತ್ತಿದಳು. ಹಿಂದಿನಿಂದ ಕಾಕಾ ಹಗ್ಗ ಸಡಿಲಿಸಿ, ಹೊಲದಲ್ಲಿ ಮಾಡುವಂತೆ ಎರಡು ಸಲ ನಾಲಿಗೆ ಲೊಚಗುಟ್ಟಿದರು. ಗಾಡಿ ಹೊರಟಿತು. ಯಾರ ಮಾತು ಕೇಳಿ ಹೊರಟಿತು ಎಂಬ ಬಗ್ಗೆ ಆ ಮನೆಯಲ್ಲಿ ಇವತ್ತಿಗೂ ವಾದ ಮುಗಿದಿಲ್ಲ.