ವಿಮಾನದಿಂದ ಇಳಿದ ಆರನೆಯವನು

ದೀಪ ಸ್ವಲ್ಪ ಸಣ್ಣ ಮಾಡಿ... ಸಾಕು.

ಇದು ನನ್ನ ಚಿಕ್ಕಪ್ಪನ ಮಗ ಸಬ್ಜಲ್‌ಗೆ ಆದದ್ದು. ಮಕ್ರಾನ್ ಕರಾವಳಿಯ ನಮ್ಮ ಇದೇ ಊರಲ್ಲಿ. ಕರಾಚಿಗೆ ಟಪಾಲು ವಿಮಾನ ಶುರುವಾಗಿ ಎರಡೇ ವರ್ಷ ಆಗಿತ್ತು.

ಮೀನಿಗೆ ಉಪ್ಪು ಹಾಕೋದು ಮುಗಿಯೋವಷ್ಟರಲ್ಲಿ ಕತ್ತಲಾಗಿತ್ತು. ಸಬ್ಜಲ್ ಒಬ್ಬನೇ ಹಳೇ ಬಾವಿ ದಾಟ್ತಿದ್ದ. ಮೇಲೆ ಸದ್ದು. ಗರ್ರ್... ಗರ್ರ್... ಪಟ್, ಪಟ್ ಅಂತ ಕೆಮ್ಮಿ ನಿಂತೇ ಹೋಯ್ತು. ಆಮೇಲೆ ಬರೀ ಸುಂಯ್... ಅನ್ನೋ ಗಾಳಿ. ದೂರದ ಉಪ್ಪುನೆಲದ ಮೇಲೆ ಧಡ್! ಕರಕರಕರ... ಮೌನ.

ಬೆಳದಿಂಗಳಲ್ಲಿ ಸಾಲಾಗಿ ಜನ ಬಂದ್ರು. ಬೂಟುಗಳ ಕಿರಕ್, ಕಿರಕ್. ಹಿಂದೆ ಒಂದು ಬರಿಗಾಲಿನ ತಪ್, ತಪ್. ಪಾಪ, ಬೂಟು ಕಳಕೊಂಡಿದ್ದಾನೆ ಅಂದುಕೊಂಡ ಸಬ್ಜಲ್. ನೀರು ಸೇದಿ ಕೊಟ್ಟ. ಆರು ಜನ ಕುಡಿದ್ರು. ಊರ ಹಿರಿಯ, ಕೌದಾ ದಿಲ್ಮುರಾದ್‌ನ ಅತಿಥಿಗುಡಿಸಲಿಗೆ ಕರಕೊಂಡು ಹೋಗಿ ಬಿಟ್ಟು ಬಂದ.

ಬೆಳಿಗ್ಗೆ ಸಬ್ಜಲ್ ಬಂದು ನೋಡಿದ್ರೆ ಐದೇ ಜನ. ಆರನೆಯವನೆಲ್ಲಿ ಅಂತ ಕೇಳಿದ.

ಕೌದಾ ಅವನನ್ನ ಗೋಡೆ ಮರೆಗೆ ಎಳೆದ. "ಲೇ... ಎಷ್ಟು ಜನರನ್ನ ತಂದೆ?"

"ಆರು."

"ಚಾಪೆ ಹಾಸುವಾಗಲೇ ಐದೇ ಜನ ಇದ್ರು. ಇನ್ನೊಬ್ಬನ್ನ ಏನು ಮಾಡ್ದೆ?"

"ದೇವರಾಣೆ, ನಾನೇನೂ..."

"ಗಡಿಯಾರ ಇತ್ತಾ ಅವನ ಕೈಯಲ್ಲಿ? ಉಂಗುರ? ಮೆಲ್ಲಗೆ ಹೇಳು. ಸಿಪಾಯಿಗಳು ಬಂದ್ರೆ ಊರಿಗೆ ಊರೇ ಹಗ್ಗ ಬಿಗಿದು ಒಯ್ತಾರೆ."

ಬಾವಿಗೆ ಕೊಕ್ಕೆ ಇಳಿಸಿದ್ರು. ಟಣ್... ಟಣ್... ಕಲ್ಲಿಗೆ ತಾಗಿ ಬಂತು, ಅಷ್ಟೇ. ಇಡೀ ಊರು ಸಬ್ಜಲ್‌ನ ಕೈಯನ್ನೇ ನೋಡ್ತಿತ್ತು. ಅವನ ಹೆಂಡತಿ ಕೂಡ.

ಪ್ರಯಾಣಿಕರಲ್ಲಿ ಕರಾಚಿಯ ಪಾರ್ಸಿ ಒಬ್ಬ, ಖರ್ಷೇದ್ ಶೇಟ್. ಹಿಂದೂಸ್ತಾನಿ ಬರ್ತಿತ್ತು. ಸದ್ದು ಕೇಳಿ ಹೊರಗೆ ಬಂದ. "ಏನು ಹುಡುಕ್ತಿದ್ದೀರಿ?"

ಕೌದಾ ಬೆವರಿದ. "ನೀವು... ಎಷ್ಟು ಜನ ಸಾಹೇಬ್ರೇ?"

"ಐದು. ಪೈಲಟ್, ಮೆಕ್ಯಾನಿಕ್, ನಾವು ಮೂವರು. ಯಾಕೆ?"

"ಹಿಂದೆ ಬರಿಗಾಲಲ್ಲಿ ಬಂದವರು?" ಅಂದ ಸಬ್ಜಲ್.

"ನಿಮ್ಮೂರಿನವನಲ್ವಾ? ವಿಮಾನ ನಿಂತ ಕೂಡಲೇ ಪಕ್ಕದಲ್ಲೇ ನಿಂತಿದ್ದ." ಶೇಟ್ ನಕ್ಕ. "ಎಂಥ ಗುಜರಾತಿ ಮಾತಾಡ್ತಾನೆ! ನಮ್ಮಜ್ಜಿ ಹಾಗೆ."

ನಮ್ಮೂರಲ್ಲಿ ಗುಜರಾತಿ ಯಾರಿಗೂ ಬರಲ್ಲ.

ಶೇಟ್ ತಿರುಗಿ ಪೈಲಟ್‌ಗೆ ಹೇಳಿದ. ಪೈಲಟ್ ಬಾಯಲ್ಲಿದ್ದ ಸಿಗರೇಟು ತೆಗೆದ. ಇಂಗ್ಲಿಷಲ್ಲಿ ಏನೋ ಅಂದ. ಶೇಟ್‌ನ ನಗು ಹೋಯ್ತು. "ಇವರ ಹತ್ರ ಅವನು ಇಂಗ್ಲಿಷಲ್ಲೇ ಮಾತಾಡಿದ್ನಂತೆ."

"ನಿಮ್ಮನ್ನ ಏನು ಕೇಳಿದ?" ಅಂದ ಸಬ್ಜಲ್.

"ಸೀಟು ಖಾಲಿ ಇದೆಯಾ ಅಂತ."

"ನೀವೇನಂದ್ರಿ?"

ಶೇಟ್ ಉಪ್ಪುನೆಲದ ಕಡೆ ತಿರುಗಿದ. ಆಮೇಲೆ ಪಿಸುಗುಟ್ಟಿದ. "ಒಂದಿದೆ ಅಂದೆ."

ಮಧ್ಯಾಹ್ನದ ಹೊತ್ತಿಗೆ ಎಣ್ಣೆಕೊಳವೆಯಲ್ಲಿ ಕಟ್ಟಿದ್ದ ಮರಳು ತೆಗೆದು ಇಂಜಿನ್ ರಿಪೇರಿ ಮಾಡಿದ್ರು. ಪೈಲಟ್ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡಿದ. ಟಪಾಲು ಚೀಲಗಳನ್ನ ಒದ್ದು ನೋಡಿದ. ಬಾಗಿಲು ಹಾಕಿ, ಮತ್ತೆ ತೆಗೆದು, ತಲೆ ಎಣಿಸಿದ. ಐದು. ಆದ್ರೂ ಭಾರ ಹೆಚ್ಚಾದ ಹಾಗೆ ವಿಮಾನ ಏಳಲೊಲ್ಲದು. ಉಪ್ಪುನೆಲದ ಕೊನೇ ಅಂಚಿನವರೆಗೂ ಓಡಿ, ಅಲೆ ಮುಟ್ಟೋ ಹಾಗೆ ಎದ್ದು ಹೋಯ್ತು.

ಯಾರಾದ್ರೂ ಸಬ್ಜಲ್‌ನ ನಂಬಿದ್ರು ಅಂತೀರಾ? ಇಲ್ಲ. ಶೇಟ್‌ಗೇ ಏನೋ ಕೊಟ್ಟು ಬಾಯಿ ಮುಚ್ಚಿಸಿದ್ದಾನೆ ಅಂದ್ರು. ಅವನನ್ನ ಯಾರೂ ಮೀನಿನ ದೋಣಿಗೆ ಹತ್ತಿಸಿಕೊಳ್ಳಲಿಲ್ಲ. ಹನ್ನೊಂದು ದಿನ ದಡದಲ್ಲೇ ಕೂತಿದ್ದ.

ಹನ್ನೆರಡನೇ ದಿನ ಕರಾಚಿಯ ದೋಣಿಯಲ್ಲಿ ಒಂದು ಲಕೋಟೆ ಬಂತು. ಮುಲ್ಲಾ ಓದಿದ್ರು. ನೀರು ಕೊಟ್ಟ ಸಬ್ಜಲ್‌ಗೆ ನಾವೆಲ್ಲ ಋಣಿ, ಸುಖವಾಗಿ ತಲುಪಿದೆವು, ಅಂತ. ಕೆಳಗೆ ಎಲ್ಲರ ಸಹಿ.

ಕೌದಾ ಕಾಗದ ಕಿತ್ಕೊಂಡು ಬೆರಳಿಟ್ಟು ಎಣಿಸಿದ. ನಾನು ಪಕ್ಕದಲ್ಲೇ ಕೂತಿದ್ದೆ, ಇವೇ ಕಣ್ಣಲ್ಲಿ ನೋಡಿದ್ದೀನಿ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಒಂದು... ಎರಡು... ಐದೂ ಒಣಗಿ ಕಂದಿದ್ದವು. ಆರನೆಯದರ ಮೇಲೆ ಬೆರಳಿಟ್ಟ.

ಮಸಿ ಬೆರಳಿಗೆ ಅಂಟ್ತು.