ಬಾಯಿ ಮೇಷ್ಟ್ರ ಹುದ್ದೆ

ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರ ಪತ್ನಿ, ನಮ್ಮೆಲ್ಲರ ಅತ್ತಿಗೆಗೆ, ಅವರ ಮಗಳಿಗೆ, ಪೋಷಕರಿಗೆ, ಸಹೋದ್ಯೋಗಿಗಳಿಗೆ ನಮಸ್ಕಾರ. ನಾನು ಮೂರನೇ ತರಗತಿ ಟೀಚರ್. ನಮ್ಮ ವಾಕ್ ಚಿಕಿತ್ಸಕರನ್ನ ಮಕ್ಕಳು ಕರೀತಿದ್ದಿದ್ದು — ಬಾಯಿ ಮೇಷ್ಟ್ರು ಅಂತ. "ಮೂಗು ಮೇಷ್ಟ್ರು ಅನ್ನಲಿಲ್ವಲ್ಲ, ಸದ್ಯ" ಅಂತ ಅವರು ತಮ್ಮ ಮೂಗು ಮುಟ್ಕೊಂಡು ನಗೋರು.

ಈ ಶ್ರದ್ಧಾಂಜಲಿ ಸಭೆಗೆ ಅಳು ಬರುತ್ತೆ ಅಂದ್ಕೊಂಡು ಬಂದೆ. ಬರ್ತಿಲ್ಲ. ಸಿಟ್ಟು ಬರ್ತಿದೆ — ಅತ್ತಿಗೆ, ಕ್ಷಮಿಸಿ.

ಅವರು ಬಂದ ಹೊಸದರಲ್ಲಿ ಶಾಲೆ ಕೊಟ್ಟ ಜಾಗ ಯಾವುದು? ಮೆಟ್ಟಿಲ ಕೆಳಗೆ, ಮುರಿದ ಬೆಂಚುಗಳ ಪಕ್ಕ. ಕೊಟ್ಟ ಸಮಯ? ಆಟದ ಪೀರಿಯಡ್. ಉಳಿದವರೆಲ್ಲ ಚೆಂಡಿನ ಹಿಂದೆ ಓಡ್ತಿದ್ರೆ, ಮಾತಿನ ತೊಂದರೆ ಇರೋ ಮಕ್ಕಳು ಇವರ ಜೊತೆ ಕನ್ನಡಿ ಮುಂದೆ ಕೂತು ನಾಲಿಗೆ ಹೊರಳಿಸಬೇಕು. ಯಾವ ಮಗು ಬರುತ್ತೆ, ಹೇಳಿ? "ನಾನೇ ಕ್ಲಾಸಿಗೆ ಬರ್ತೀನಿ, ಪಾಠದ ಜೊತೆಗೇ ಮಾತು ಕಲಿಸ್ತೀನಿ" ಅಂದ್ರು. ಸಿಲಬಸ್ ಮುಗಿಯಲ್ಲ ಅಂತ ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ತಿರುಗಿಬಿತ್ತು. ಒಂದು ವರ್ಷ — ಒಂದು ವರ್ಷ! — ಒಬ್ಬೊಬ್ಬರನ್ನೇ ಕಾಡಿ ಬೇಡಿ ಒಪ್ಪಿಸಿದ್ರು.

ನನ್ನ ಕ್ಲಾಸಲ್ಲಿ ಉಗ್ಗುವ ಹುಡುಗಿ ಒಬ್ಬಳಿದ್ದಾಳೆ. ಕ್ಯಾಂಟೀನಿನಲ್ಲಿ ದಿನಾ ನೀರಷ್ಟೇ ಕೇಳೋಳು. ಮೇಷ್ಟ್ರು ಪಕ್ಕ ಕೂತು ವಿಚಾರಿಸಿದ್ರೆ — ಅವಳಿಗೆ ಬೇಕಿದ್ದಿದ್ದು ಕಿತ್ತಳೆ ರಸ. 'ಕ' ಹೊರಡಲ್ಲ, 'ನೀರು' ಸಲೀಸು. ಇವರು ಹುಡುಗಿಗೆ ಏನೂ ಹೇಳ್ಲಿಲ್ಲ. ನೇರ ಕ್ಯಾಂಟೀನ್ ಅಕ್ಕನ ಹತ್ರ ಹೋದ್ರು.

"ಅಕ್ಕಾ, ಅವಳು ಹೇಳಿ ಮುಗಿಸೋವರೆಗೂ ಲೋಟ ಮುಟ್ಬೇಡಿ. ಮುಖ ನೋಡ್ತಾ ನಿಂತಿರಿ, ಸಾಕು."

"ಹಿಂದೆ ಕ್ಯೂ ಇರುತ್ತಲ್ಲಪ್ಪಾ?"

"ಕ್ಯೂ ನಾನು ನೋಡ್ಕೊಳ್ತೀನಿ."

ನೋಡ್ಕೊಂಡ್ರು — ಎರಡೂ ಕೈ ಅಗಲಿಸಿ, ಹೀಗೆ, ಟ್ರಾಫಿಕ್ ಪೊಲೀಸ್ ಥರ! ಮನೆಯಲ್ಲಿ ಅವಳ ಅಮ್ಮನಿಗೆ, ಕ್ಲಾಸಲ್ಲಿ ನನಗೆ, ಅದೇ ಪಾಠ. ಒಂದು ದಿನ 'ಕ... ಕ... ಕಿತ್ತಳೆ' ಬಂತು. ಉಗ್ಗಿಕೊಂಡೇ ಬಂತು. ಉಗ್ಗು ಇವತ್ತಿಗೂ ಇದೆ. ಆದರೆ ಈಗ ಬೇಕಾದ್ದನ್ನೇ ಕೇಳ್ತಾಳೆ.

ಇಂಥವರನ್ನ ಆಮೇಲೆ ಆಡಳಿತ ಮಂಡಳಿಯವರು ಐದು ಶಾಲೆಗಳಿಗೆ ಹಂಚಿದ್ರು. ಒಂದೊಂದು ಶಾಲೆಗೆ ವಾರಕ್ಕೊಂದು ದಿನ, ಅದೂ ಇಡೀ ದಿನ ಅಲ್ಲ. ಟೀಚರ್ ಜೊತೆ ನಿಂತು ಮಾತಾಡೋಕೂ ಪುರುಸೊತ್ತಿರ್ತಿರಲಿಲ್ಲ. ಕಳೆದ ತಿಂಗಳು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗ್ತಾ, ಬಸ್ಸಲ್ಲೇ ಎದೆ ಹಿಡ್ಕೊಂಡು ಕುಸಿದ್ರು.

ಈಗಷ್ಟೇ ನಮ್ಮ ಆಡಳಿತ ಮಂಡಳಿ ಕಾರ್ಯದರ್ಶಿಗಳು 'ತುಂಬಲಾರದ ನಷ್ಟ' ಅಂದ್ರು. ಸಾರ್, ಮೊನ್ನೆ ಮೀಟಿಂಗಿನಲ್ಲಿ ಆ ಹುದ್ದೆಯೇ ಬೇಡ ಅಂತ ತೀರ್ಮಾನ ಮಾಡಿದವರು ನೀವೇ ಅಲ್ವಾ? ಇದು ತುಂಬಲಾರದ್ದಲ್ಲ ಸಾರ್ — ನೀವು ತುಂಬದೇ ಇರೋದು!

ಏನಂದ್ರಿ? 'ಇಲ್ಲಿ ಬೇಡ, ಆಮೇಲೆ ಮಾತಾಡೋಣ' ಅಂತನಾ? ಮೇಷ್ಟ್ರಿಗೂ ಹೀಗೇ ಅಂತಿದ್ರಿ. ಪ್ರತಿ ಸಲ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ನಮ್ಮನ್ನಗಲಿದ ಮೇಷ್ಟ್ರಿಗೆ ಒಂದು ನಿಮಿಷ ಮೌನವಾಗಿ ಗೌರವ ಸಲ್ಲಿಸೋಣ. ಆಮೇಲೆ ಎಲ್ಲರೂ ಕೂತ್ಕೊಳ್ಳಿ. ಕಾರ್ಯದರ್ಶಿಗಳೇ — ನೀವು ಮಾತ್ರ ನಿಂತಿರಿ. ಇವರೆಲ್ಲರಿಗೂ ಉತ್ತರ ಹೇಳಿ, ಆಮೇಲೆ ಕೂತ್ಕೊಳ್ಳಿ.